ಹಳೆಯ ಪಠ್ಯಕ್ರಮ, ಹೊಸ ಪಠ್ಯಕ್ರಮ: ದಾಖಲೆಯ ಒಂದು ಅಂಕಣದ ಕಥೆ



ನಿವೃತ್ತನಾಗಿ ಹಚ್ಚೊಳ್ಳಿಯಲ್ಲಿ ನೆಲೆಸಿದ ಮೇಲೆ ನಮ್ಮ ಮನೆಯ ಪಡಸಾಲೆಗೆ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಕೈಯಲ್ಲಿ ಒಂದು ಕಾಗದವನ್ನು ಹಿಡಿದೇ ಬರುತ್ತಾರೆ. ಪಹಣಿಯಲ್ಲಿ ತಪ್ಪಾಗಿ ಬಿದ್ದ ಹೆಸರು, ವರ್ಗಾವಣೆ ಪತ್ರದಲ್ಲಿನ ಜನ್ಮದಿನಾಂಕ, ಬ್ಯಾಂಕಿನ ನೋಟೀಸು, ಹೀಗೆ. ಮೇಷ್ಟರಾದವನಿಗೆ ಎಲ್ಲ ಕಾಗದಗಳ ಭಾಷೆಯೂ ತಿಳಿದಿರುತ್ತದೆಂಬ ನಂಬಿಕೆ ನಮ್ಮ ಕಡೆಯ ಜನರಲ್ಲಿ ಇನ್ನೂ ಉಳಿದಿದೆ. 2023ರ ಬೇಸಿಗೆಯ ಕೊನೆಯಲ್ಲಿ ಹಾಗೆಯೇ ಒಬ್ಬ ಹಳೆಯ ಶಿಷ್ಯ ತನ್ನ ಮಗಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಪದವಿ ತರಗತಿಯ ಮೊದಲ ಸೆಮಿಸ್ಟರಿನ ಫಲಿತಾಂಶದ ಹಾಳೆಯಿತ್ತು.

"ಸಾರ್, ಕನ್ನಡದಾಗ ಆಬ್ಸೆಂಟ್ ಅಂತ ಬಂದೈತ್ರಿ. ಆಕಿ ಪರೀಕ್ಷೆ ಬರದಾಳ. ನಾನ ಕಾಲೇಜಿಗೆ ಬಿಟ್ಟು ಬಂದೀನಿ" ಎಂದ.

"ಕುಂದ್ರಪ್ಪ ಮೊದಲು" ಎಂದು ಹೇಳಿ ಹಾಳೆಯನ್ನು ತೆಗೆದುಕೊಂಡು ನೋಡಿದೆ. ಉಳಿದ ಎಲ್ಲ ಪತ್ರಿಕೆಗಳಲ್ಲಿಯೂ ಹುಡುಗಿ ಚೆನ್ನಾಗಿಯೇ ತೇರ್ಗಡೆಯಾಗಿದ್ದಳು. ಕನ್ನಡದ ಎದುರಿಗೆ ಮಾತ್ರ ಗೈರುಹಾಜರಿ. ಎಲ್ಲ ಪತ್ರಿಕೆಗಳಲ್ಲಿ ತೇರ್ಗಡೆಯಾದವರಿಗೆ ಮಾತ್ರ ಸಿಗುವ ವಿದ್ಯಾರ್ಥಿವೇತನವೊಂದಕ್ಕೆ ಅವಳು ಅರ್ಜಿ ಹಾಕಬೇಕಾಗಿತ್ತು. ಕೊನೆಯ ದಿನ ಹತ್ತಿರದಲ್ಲಿತ್ತು.

ಈ ತಪ್ಪು ಎಲ್ಲಿ ಆಯಿತು, ಹೇಗೆ ಸರಿಹೋಯಿತು ಎಂಬುದನ್ನು ಹೇಳುವ ನೆಪದಲ್ಲಿ, ನಮ್ಮ ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಅನುಭವಿಸುತ್ತ ಬಂದಿರುವ ಸಂಗತಿಯೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಹೆಸರಿನ ಪತ್ರಿಕೆಗೆ ಹಲವು ರೂಪಗಳಿರುತ್ತವೆ. ಹಳೆಯ ಪಠ್ಯಕ್ರಮದ್ದು ಒಂದು, ಹೊಸದರದು ಇನ್ನೊಂದು. ಬಲ್ಲವರಿಗೆ ಒಂದು, ಬಾರದವರಿಗೆ ಅಳವಡಿಸಿದ್ದು ಮತ್ತೊಂದು. ಯಾರು ಯಾವ ರೂಪವನ್ನು ಓದಿದರು ಎಂಬುದನ್ನು ದಾಖಲೆ ಸರಿಯಾಗಿ ಹೇಳದಿದ್ದರೆ ಓದಿದ್ದೂ ಓದದಂತೆಯೇ ಸರಿ.

ಒಂದು ಊರು, ಹಲವು ವಿಶ್ವವಿದ್ಯಾಲಯಗಳು

ಬಳ್ಳಾರಿ ಜಿಲ್ಲೆಯವರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಏಕೆಂದರೆ ನಮ್ಮ ಊರು ಇದ್ದಲ್ಲೇ ಇದ್ದರೂ ವಿಶ್ವವಿದ್ಯಾಲಯಗಳು ನಮ್ಮ ಮೇಲಿನಿಂದ ಮೋಡಗಳಂತೆ ಹಾದುಹೋಗಿವೆ.

1953ಕ್ಕೆ ಮೊದಲು ಬಳ್ಳಾರಿಯು ಮದ್ರಾಸು ಪ್ರಾಂತ್ಯದ ಭಾಗವಾಗಿತ್ತು. ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜನ್ನು ಆರಂಭಿಸಿದಾಗ, ಇಲ್ಲಿನ ಹುಡುಗರ ಪರೀಕ್ಷೆಗಳನ್ನು ನಡೆಸುತ್ತಿದ್ದುದು 1857ರಲ್ಲಿ ಸ್ಥಾಪನೆಯಾದ ಮದ್ರಾಸು ವಿಶ್ವವಿದ್ಯಾಲಯ. ನಮ್ಮ ದೊಡ್ಡಪ್ಪನವರು ಆ ಕಾಲದಲ್ಲಿ ಓದಿದವರು. ಎರಡು ವರ್ಷ ಇಂಟರ್‌ಮೀಡಿಯೆಟ್, ಅದರ ಮೇಲೆ ಎರಡು ವರ್ಷ ಬಿ.ಎ. ಬಿ.ಎ. ಪದವಿಯಲ್ಲಿ ಮೂರು ಭಾಗಗಳಿದ್ದವು. ಮೊದಲನೆಯ ಭಾಗ ಇಂಗ್ಲಿಷು, ಎರಡನೆಯದು ಒಂದು ಭಾಷೆ, ಮೂರನೆಯದು ಐಚ್ಛಿಕ ವಿಷಯಗಳು. ಅವರು ಕೊನೆಯವರೆಗೂ ತಮ್ಮ ಪದವಿಯನ್ನು ಕುರಿತು ಮಾತನಾಡುವಾಗ "ಪಾರ್ಟ್ ಒನ್ ಒಮ್ಮೆಗೇ ಆಯಿತು, ಪಾರ್ಟ್ ಟು ಮಾತ್ರ ಸತಾಯಿಸಿತು" ಎಂದೇ ಹೇಳುತ್ತಿದ್ದರು. ಯಾವ ಭಾಗ, ಯಾವ ಭಾಷೆ, ಯಾವ ವರ್ಷ ಎಂಬ ಮೂರು ವಿವರಗಳಿಲ್ಲದೆ ಅವರ ಪದವಿಗೆ ಅರ್ಥವಿರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದೇ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ ತಾಲ್ಲೂಕಿನ ನಮ್ಮಂಥವರಿಗೆ ಆದೋನಿಯೆಂದರೆ ಸಂತೆಗೆ ಹೋಗುವ ಊರು, ಹೆಣ್ಣು ಕೊಟ್ಟು ತರುವ ಊರು. ಒಂದೇ ಮನೆತನದ ಅಣ್ಣ ಈಚೆ ಉಳಿದ, ತಮ್ಮ ಆಚೆ ಉಳಿದ. ಅಣ್ಣನ ಮಕ್ಕಳು ಕನ್ನಡ ಓದಿದರು, ತಮ್ಮನ ಮಕ್ಕಳು ತೆಲುಗು ಓದಿದರು. ಹಬ್ಬಕ್ಕೆ ಒಂದೆಡೆ ಸೇರಿದಾಗ ಎಲ್ಲರೂ ಎರಡನ್ನೂ ಬೆರೆಸಿ ಮಾತನಾಡಿದರು. ಮುಂದೆ ಹೇಳುವ ಕಥೆಗೆ ಈ ಸಂಗತಿ ಬೇಕಾಗುತ್ತದೆ, ನೆನಪಿನಲ್ಲಿಡಿ.

ನಾನು ಪದವಿಗೆ ಸೇರುವ ಹೊತ್ತಿಗೆ ನಮ್ಮ ಅಂಕಪಟ್ಟಿಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರುತ್ತಿದ್ದವು. ಆ ವಿಶ್ವವಿದ್ಯಾಲಯ 1970ರಲ್ಲಿ ಗುಲಬರ್ಗದಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು. 1980ರಲ್ಲಿ ಅದೇ ಗುಲಬರ್ಗ ವಿಶ್ವವಿದ್ಯಾಲಯವಾಯಿತು. ಬೀದರ, ಗುಲಬರ್ಗ, ರಾಯಚೂರುಗಳೊಂದಿಗೆ ಬಳ್ಳಾರಿಯೂ ಅದರ ವ್ಯಾಪ್ತಿಗೆ ಹೋಯಿತು. 2010ರಲ್ಲಿ ಬಳ್ಳಾರಿಯಲ್ಲಿಯೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ದೊಡ್ಡಪ್ಪನವರ ಮದ್ರಾಸಿನ ಪ್ರಮಾಣಪತ್ರ, ನನ್ನ ಧಾರವಾಡದ ಪ್ರಮಾಣಪತ್ರ, ತಮ್ಮನ ಗುಲಬರ್ಗದ ಅಂಕಪಟ್ಟಿ, ತಂಗಿಯ ಮೊಮ್ಮಗನ ಬಳ್ಳಾರಿಯ ಅಂಕಪಟ್ಟಿಯ ನಕಲು, ನಾಲ್ಕೂ ಒಟ್ಟಿಗೆ ಇವೆ. ನಾಲ್ಕು ವಿಶ್ವವಿದ್ಯಾಲಯಗಳ ನಾಲ್ಕು ಮುದ್ರೆಗಳು. ಮನೆಯ ಬಾಗಿಲು ಮಾತ್ರ ಒಂದೇ.

ಒಂದು ಪತ್ರಿಕೆ ಬಾಕಿ ಉಳಿಸಿಕೊಂಡವನ ಪಾಡನ್ನು ಈಗ ಊಹಿಸಿಕೊಳ್ಳಿ. ವಿಶ್ವವಿದ್ಯಾಲಯ ಬದಲಾದಾಗ, ಪಠ್ಯಕ್ರಮ ಬದಲಾದಾಗ, ಈಗಾಗಲೇ ಓದುತ್ತಿರುವವರಿಗೆ ಹಳೆಯ ಕ್ರಮದಲ್ಲಿಯೇ ಮುಗಿಸಲು ಅವಕಾಶ ಕೊಡುವುದು ವಾಡಿಕೆ. ಆ ಅವಕಾಶಕ್ಕೆ ಗಡುವು ಇರುತ್ತದೆ. ಗಡುವು ಮುಗಿದ ಮೇಲೆ ಹಳೆಯ ಪತ್ರಿಕೆಗೆ ಸಮಾನವಾದ ಹೊಸ ಪತ್ರಿಕೆ ಯಾವುದೆಂದು ಹೇಳುವ ಒಂದು ಪಟ್ಟಿಯನ್ನು ಹೊರಡಿಸುತ್ತಾರೆ. ಆ ಪಟ್ಟಿಯಲ್ಲಿ ತನ್ನ ಪತ್ರಿಕೆಯ ಹೆಸರು ಇದೆಯೋ ಇಲ್ಲವೋ ಎಂದು ನೋಡಲು ಸಿರುಗುಪ್ಪದ ಹುಡುಗ ಒಂದು ಕಾಲಕ್ಕೆ ಬಳ್ಳಾರಿಯಲ್ಲಿ ರೈಲು ಹತ್ತಿ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ದಾಟಿ ಧಾರವಾಡಕ್ಕೆ ಹೋಗುತ್ತಿದ್ದ. ಅನಂತರದ ಕಾಲಕ್ಕೆ ರಾಯಚೂರಿಗೆ ಹೋಗಿ ಅಲ್ಲಿಂದ ಗುಲಬರ್ಗಕ್ಕೆ. ಹೋದಲ್ಲಿ ಗುಮಾಸ್ತರು ದಪ್ಪ ರಟ್ಟಿನ ಲೆಡ್ಜರನ್ನು ಕೆಳಗಿಳಿಸಿ ಧೂಳು ಕೊಡವಿ, ಬೆರಳನ್ನು ಸಾಲಿನ ಮೇಲೆ ಓಡಿಸಿ, ಕೊನೆಯ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಬರೆದ 'ಹ.ಪ.' ಎಂಬ ಎರಡಕ್ಷರವನ್ನು ತೋರಿಸುತ್ತಿದ್ದರು. ಹಳೆಯ ಪಠ್ಯಕ್ರಮ. ಆ ಎರಡಕ್ಷರ ಅಲ್ಲಿದ್ದರೆ ಅವನಿಗೆ ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತಿತ್ತು. ಇಲ್ಲದಿದ್ದರೆ ಎಂದೂ ಓದದ ಪುಸ್ತಕದ ಮೇಲೆ ಪರೀಕ್ಷೆ ಬರೆಯಬೇಕಾಗುತ್ತಿತ್ತು.

ಒಂದೇ ಕನ್ನಡ, ಎರಡು ಪತ್ರಿಕೆ

ಕಾಲ ಬದಲಾದುದರಿಂದ ಹುಟ್ಟುವ ರೂಪಗಳು ಒಂದು ಬಗೆ. ವಿದ್ಯಾರ್ಥಿ ಬೇರೆಯಾದುದರಿಂದ ಹುಟ್ಟುವ ರೂಪಗಳು ಇನ್ನೊಂದು ಬಗೆ. ಎರಡನೆಯದು ಹೆಚ್ಚು ಸೂಕ್ಷ್ಮ, ಏಕೆಂದರೆ ಇಲ್ಲಿ ಎರಡು ರೂಪಗಳೂ ಒಂದೇ ದಿನ, ಒಂದೇ ಕಾಲೇಜಿನಲ್ಲಿ, ಅಕ್ಕಪಕ್ಕದ ಕೋಣೆಗಳಲ್ಲಿ ನಡೆಯುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಕನ್ನಡ ಪತ್ರಿಕೆಯೇ. 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನು ನೋಡಿ. ಅಲ್ಲಿ ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಕನ್ನಡವನ್ನು ಓದಬೇಕು. ಆದರೆ ಸಿರುಗುಪ್ಪದಿಂದ ಹೋದ ಹುಡುಗನಿಗೂ ಬಿಹಾರದಿಂದ ಬಂದ ಹುಡುಗನಿಗೂ ಒಂದೇ ಕನ್ನಡ ಪತ್ರಿಕೆ ಕೊಡಲಾಗದು. ಆದ್ದರಿಂದ 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ', ಬಾರದವರಿಗೆ 'ವ್ಯಾವಹಾರಿಕ ಕನ್ನಡ' ಎಂದು ಎರಡು ರೂಪಗಳನ್ನು ಮಾಡಿದರು. 2021ರ ಪಠ್ಯಕ್ರಮದಲ್ಲಿ ಇವು 'ಸಾಂಸ್ಕೃತಿಕ ಕನ್ನಡ' ಮತ್ತು 'ಬಳಕೆ ಕನ್ನಡ' ಆದವು. ಮೊದಲನೆಯದರಲ್ಲಿ ಸಾಹಿತ್ಯ, ಸಂಸ್ಕೃತಿ. ಎರಡನೆಯದರಲ್ಲಿ ಅಂಗಡಿಯಲ್ಲಿ ಬೆಲೆ ಕೇಳುವುದು, ಬಸ್ಸಿನಲ್ಲಿ ದಾರಿ ಕೇಳುವುದು ಮೊದಲಾದ ಮಾತಿನ ಅಭ್ಯಾಸ.

ದಾಖಲೆಯಲ್ಲಿ ಇವುಗಳನ್ನು ಗುರುತಿಸುವ ಸಂಕೇತಗಳನ್ನು ಗಮನಿಸಿ. 2021ರ ಸಾಂಸ್ಕೃತಿಕ ಕನ್ನಡಕ್ಕೆ 21ಕೆಎಸ್‌ಕೆ37, ಬಳಕೆ ಕನ್ನಡಕ್ಕೆ 21ಕೆಬಿಕೆ37. ಮೊದಲ ಎರಡು ಅಂಕಿಗಳು ಪಠ್ಯಕ್ರಮದ ವರ್ಷವನ್ನು ಹೇಳುತ್ತವೆ. ಕೊನೆಯ ಅಂಕಿಗಳಲ್ಲಿನ 3 ಮೂರನೆಯ ಸೆಮಿಸ್ಟರನ್ನು ಹೇಳುತ್ತದೆ. ಎರಡು ಕನ್ನಡಗಳ ನಡುವಿನ ವ್ಯತ್ಯಾಸವೆಲ್ಲ ಮಧ್ಯದ ಒಂದೇ ಒಂದು ಅಕ್ಷರದಲ್ಲಿದೆ: ಒಂದರಲ್ಲಿ 'ಎಸ್', ಇನ್ನೊಂದರಲ್ಲಿ 'ಬಿ'. ಸಂಕೇತವನ್ನು ರಚಿಸಿದವರು ಜಾಣರು. ವರ್ಷವನ್ನು ಸಂಕೇತದೊಳಗೇ ಹುದುಗಿಸಿದ್ದರಿಂದ 2018ರದು 2021ರದರೊಂದಿಗೆ ಎಂದೂ ಬೆರೆಯದು. ಆದರೆ ಪರದೆಯ ಮುಂದೆ ಕುಳಿತು ನೂರಾರು ಹೆಸರುಗಳನ್ನು ತುಂಬುವ ನೌಕರನ ಕಣ್ಣು ಆ ಒಂದಕ್ಷರದ ಮೇಲೆ ನಿಲ್ಲಬೇಕಷ್ಟೆ.

ಇಂಥ ವ್ಯವಸ್ಥೆ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದ ನಮಗೆ ಹೊಸದಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡವು ಪ್ರಥಮ ಭಾಷೆಯೂ ಆಗಬಹುದು, ದ್ವಿತೀಯವೂ ಆಗಬಹುದು, ತೃತೀಯವೂ ಆಗಬಹುದು. ಪ್ರಶ್ನೆಪತ್ರಿಕೆಗಳ ಮೇಲೆ ಕ್ರಮವಾಗಿ 01, 33, 62 ಎಂಬ ಸಂಕೇತಗಳನ್ನು ನೀವು ನೋಡಿರುತ್ತೀರಿ. ಪ್ರಥಮ ಭಾಷೆಗೆ 125 ಅಂಕ, ಉಳಿದೆರಡು ಭಾಷೆಗಳಿಗೆ ನೂರು ನೂರು. ಹಳಗನ್ನಡದ ಪದ್ಯವೂ ಛಂದಸ್ಸೂ ಇರುವುದು ಪ್ರಥಮ ಭಾಷೆಯಲ್ಲಿ. ತೃತೀಯ ಭಾಷೆಯದು ಸರಳವಾದ ಪಾಠ. ಎರಡಕ್ಕೂ ಹೆಸರು ಮಾತ್ರ ಕನ್ನಡವೇ.

ಲೆಡ್ಜರಿನಿಂದ ಪರದೆಗೆ

ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಪದವಿ ಕಾಲೇಜುಗಳಿಗೆ ಸೆಮಿಸ್ಟರ್ ಪದ್ಧತಿ ಬಂದಿತು. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪರೀಕ್ಷೆ ಎರಡಾಯಿತು, ಪತ್ರಿಕೆಗಳು ತುಂಡುಗಳಾದವು. ಅದರ ಮುಂದಿನ ದಶಕದಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದಿತು. ಅನಂತರ ರಾಷ್ಟ್ರೀಯ ಶಿಕ್ಷಣ ನೀತಿ. 2021ರ ಆಗಸ್ಟಿನಲ್ಲಿ ಆದೇಶ ಹೊರಡಿಸಿ ಆ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ನಾಲ್ಕು ವರ್ಷಗಳ ಆನರ್ಸ್ ಪದವಿ, ಮುಕ್ತ ಆಯ್ಕೆಯ ಪತ್ರಿಕೆಗಳು, ಕೌಶಲ್ಯದ ಪತ್ರಿಕೆಗಳು, ಹೀಗೆ ಪತ್ರಿಕೆಗಳ ಸಂಖ್ಯೆಯೂ ಬಗೆಯೂ ಹೆಚ್ಚಿದವು. ಕನ್ನಡವನ್ನು ಎಲ್ಲರೂ ಓದಬೇಕೆಂದೂ, ಮೊದಲು ಕನ್ನಡ ಓದಿರದವರಿಗೆ ಬಳಕೆಯ ಮಟ್ಟದ ಕನ್ನಡವನ್ನು ಕಲಿಸಬೇಕೆಂದೂ ಸರ್ಕಾರ ಹೇಳಿತು. ಇದನ್ನು ಪ್ರಶ್ನಿಸಿ ಕೆಲವರು ಉಚ್ಚ ನ್ಯಾಯಾಲಯಕ್ಕೆ ಹೋದರು. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಮಧ್ಯಂತರ ಆದೇಶವೊಂದರಲ್ಲಿ, ನೀತಿಯ ಆಧಾರದ ಮೇಲೆ ಕನ್ನಡವನ್ನು ಕಡ್ಡಾಯಗೊಳಿಸದಂತೆ ಹೇಳಿತು. ಹೀಗೆ ಕನ್ನಡವು ಕಡ್ಡಾಯದಿಂದ ಆಯ್ಕೆಯ ಸ್ಥಾನಕ್ಕೆ ಬಂದಿತು.

ಅದೇ ವೇಳೆಗೆ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಗಣಕ ವ್ಯವಸ್ಥೆ ಬಂದಿತು. ಯುಯುಸಿಎಂಎಸ್ ಎಂದು ನಿಮ್ಮ ಮಕ್ಕಳ ಬಾಯಲ್ಲಿ ಕೇಳಿರುತ್ತೀರಿ. ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಅದರೊಳಗೆ.

2024ರ ಮೇ ತಿಂಗಳಿನಲ್ಲಿ ಮತ್ತೊಂದು ತಿರುವು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. 2024–25ರಲ್ಲಿ ಸೇರಿದವರಿಗೆ ಹೊಸ ಕ್ರಮ. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸೇರಿದವರಿಗೆ ರಾಷ್ಟ್ರೀಯ ನೀತಿಯ ಕ್ರಮ. ಅದಕ್ಕೂ ಹಿಂದೆ ಸೇರಿ ಪತ್ರಿಕೆ ಬಾಕಿ ಉಳಿಸಿಕೊಂಡವರಿಗೆ ಕ್ರೆಡಿಟ್ ಪದ್ಧತಿಯ ಕ್ರಮ. ಹೀಗೆ ಒಂದೇ ಕಾಲೇಜಿನ ಒಂದೇ ಕಚೇರಿಯಲ್ಲಿ, ಒಂದೇ ಹೆಸರಿನ ಪತ್ರಿಕೆಯ ಮೂರು ತಲೆಮಾರುಗಳನ್ನು ಒಟ್ಟಿಗೆ ಸಾಕಬೇಕಾಯಿತು. ಇವುಗಳಲ್ಲಿ ಭಾಷಾಪತ್ರಿಕೆಗೆ ಬಲ್ಲವರ ರೂಪ, ಬಾರದವರ ರೂಪ ಎಂದು ಮತ್ತೆ ಕವಲುಗಳು.

ನಮ್ಮ ಬಂಧುಗಳಲ್ಲಿ ಒಬ್ಬ ಹುಡುಗ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ ದಾಖಲೆ ವಿಭಾಗದಲ್ಲಿದ್ದಾನೆ. ಈ ಮಾತು ಬಂದಾಗ ಅವನು ಫೋನಿನಲ್ಲಿ ವಿವರಿಸಿದ: "ದೊಡ್ಡಪ್ಪ, ಇಲ್ಲಿ ಪತ್ರಿಕೆಗೆ ಮಾಡ್ಯೂಲ್ ಅನ್ನುತ್ತಾರೆ. ಬೇರೆ ದೇಶದಿಂದ ಅರ್ಧ ವರ್ಷಕ್ಕೆ ಬರುವ ವಿದ್ಯಾರ್ಥಿಗಳಿಗೆ ಅದೇ ಮಾಡ್ಯೂಲಿನ ಚಿಕ್ಕ ರೂಪ ಇರುತ್ತದೆ. ಪಾಠ ಒಂದೇ, ಪರೀಕ್ಷೆ ಬೇರೆ, ಕ್ರೆಡಿಟ್ ಕಡಿಮೆ. ಅದನ್ನು ದಾಖಲೆಯಲ್ಲಿ ಇಡಲು ಎರಡು ದಾರಿ. ಒಂದೋ ಹೊಸ ಸಂಕೇತ ಕೊಡಬೇಕು, ಇಲ್ಲವೇ ಹಳೆಯ ಸಂಕೇತಕ್ಕೆ ಬಾಲ ಅಂಟಿಸಬೇಕು."

ನಾನು ಕೇಳಿದೆ: "ಯಾವುದು ಮೇಲು?"

"ಎರಡಕ್ಕೂ ನೋವಿದೆ" ಎಂದ. ಹೊಸ ಸಂಕೇತ ಕೊಟ್ಟರೆ ಎರಡು ರೂಪಗಳೂ ಸ್ವಚ್ಛವಾಗಿ ಬೇರೆಯಾಗಿ ನಿಲ್ಲುತ್ತವೆ. ಆದರೆ ಇವೆರಡೂ ಒಂದೇ ಬೇರಿನವು ಎಂಬುದನ್ನು ತಿಳಿಸಲು ಬೇರೊಂದು ಸಮಾನತಾ ಪಟ್ಟಿಯನ್ನು ಯಾರಾದರೂ ತಪ್ಪದೆ ಕಾಪಾಡುತ್ತ ಬರಬೇಕು. ಬಾಲ ಅಂಟಿಸಿದರೆ ನಂಟು ಕಣ್ಣಿಗೆ ಕಾಣುತ್ತದೆ. ಆದರೆ ಅವಸರದಲ್ಲಿ ಬಾಲವನ್ನು ನೋಡದೆ ಎಲ್ಲರನ್ನೂ ಒಂದೇ ರೂಪಕ್ಕೆ ಸೇರಿಸಿಬಿಡುವ ಭಯವಿರುತ್ತದೆ. "ಮೂರನೆಯ ದಾರಿಯೂ ಒಂದಿದೆ, ಅದನ್ನು ಮಾತ್ರ ಹಿಡಿಯಬಾರದು" ಎಂದು ಅವನೇ ಸೇರಿಸಿದ. ಅದು ಹಳೆಯ ಪತ್ರಿಕೆಯ ವಿವರದ ಮೇಲೆಯೇ ಹೊಸದನ್ನು ತಿದ್ದಿ ಬರೆಯುವುದು. ಹಾಗೆ ಮಾಡಿದರೆ ಐದು ವರ್ಷಗಳ ಹಿಂದೆ ತೇರ್ಗಡೆಯಾದವನು ತಾನು ಎಂದೂ ಓದದ ಪಾಠವನ್ನು ಓದಿದನೆಂದು ದಾಖಲೆ ಸುಳ್ಳು ಹೇಳತೊಡಗುತ್ತದೆ.

ಕೇಳಿ ನನಗೆ ಧಾರವಾಡದ ಲೆಡ್ಜರು ನೆನಪಾಯಿತು. ಅಲ್ಲಿ ತಿದ್ದುವುದಾದರೆ ಹಳೆಯದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಹೊಸದನ್ನು ಬರೆದು, ಅಂಚಿನಲ್ಲಿ ದಿನಾಂಕ ಹಾಕಿ ಸಹಿ ಮಾಡಬೇಕಾಗಿತ್ತು. ಹೊಡೆದ ಗೆರೆಯ ಕೆಳಗಿನ ಅಕ್ಷರ ಓದುವಂತೆಯೇ ಉಳಿಯಬೇಕೆಂಬುದು ನಿಯಮ. ಗುಮಾಸ್ತರಿಗೆ ಅದು ಬರಿಯ ಶಿಸ್ತಾಗಿದ್ದಿರಬಹುದು. ಇಂದಿನ ಗಣಕಕ್ಕೂ ಬೇಕಾದ ನೀತಿ ಅದೇ.

ಹುಡುಗಿಯ ಕನ್ನಡ

ಈಗ ನಮ್ಮ ಪಡಸಾಲೆಯಲ್ಲಿ ಕುಳಿತ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ತಂದೆ ದುಡಿಮೆಗಾಗಿ ಹದಿನೈದು ವರ್ಷ ಆದೋನಿಯ ಕಡೆ ಇದ್ದವನು. ಹುಡುಗಿ ಇಂಟರ್‌ಮೀಡಿಯೆಟ್‌ವರೆಗೆ ಅಲ್ಲಿಯೇ ಓದಿದಳು. ಕನ್ನಡವನ್ನು ಮನೆಯಲ್ಲಿ ಮಾತನಾಡಿದಳೇ ಹೊರತು ಬರೆದವಳಲ್ಲ. ಮತ್ತೆ ಊರಿಗೆ ಬಂದು ಪದವಿಗೆ ಸೇರುವಾಗ ಕನ್ನಡವನ್ನು ತೆಗೆದುಕೊಳ್ಳದೆ ಬೇರೆ ಭಾಷೆಯನ್ನು ಆರಿಸಿಕೊಳ್ಳಬಹುದಾಗಿತ್ತು. ಆದರೂ ತಂದೆಯೂ ಮಗಳೂ ಕನ್ನಡವನ್ನೇ ಬಯಸಿದರು. "ಊರಾಗ ಇದ್ದು ಊರಿನ ಅಕ್ಷರ ಬರಲಿಲ್ಲಂದ್ರ ಹೆಂಗ್ರಿ ಸಾರ್" ಎಂದ ತಂದೆಯ ಮಾತು ನನಗೆ ಹಿಡಿಸಿತು. ಕಾಲೇಜಿನಲ್ಲಿ ಅವಳನ್ನು ಬಳಕೆ ಕನ್ನಡದ ಗುಂಪಿಗೆ ಹಾಕಿದರು. ಅವಳು ವರ್ಣಮಾಲೆಯಿಂದ ಆರಂಭಿಸಿ ಕಲಿತಳು.

ಕಾಲೇಜಿನ ಕಚೇರಿಯಲ್ಲಿ ಮಾತ್ರ ವಿಷಯಗಳನ್ನು ತುಂಬುವಾಗ ಇಡೀ ತರಗತಿಗೆ ಒಮ್ಮೆಗೇ ಕನ್ನಡದ ಸಾಮಾನ್ಯ ರೂಪವನ್ನು ಜೋಡಿಸಿಬಿಟ್ಟಿದ್ದರು. ಹಚ್ಚೊಳ್ಳಿಯ ವಿಳಾಸದ ಹುಡುಗಿಗೆ ಕನ್ನಡ ಬಾರದಿರಬಹುದೆಂದು ಯಾರಿಗೂ ಹೊಳೆದಿಲ್ಲ. ಪ್ರವೇಶಪತ್ರದಲ್ಲಿ 'ಕನ್ನಡ' ಎಂದಿತ್ತು. ಅವಳು ಹೆಸರನ್ನು ನೋಡಿದಳು, ಸಂಕೇತವನ್ನು ನೋಡಲಿಲ್ಲ. ಪರೀಕ್ಷೆಯ ದಿನ ಸಾಮಾನ್ಯ ಕನ್ನಡದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಗಾಬರಿಯಾಗಿ, ತನ್ನದು ಬೇರೆ ಪತ್ರಿಕೆಯೆಂದು ಹೇಳಿದಳು. ಕೋಣೆಯ ಮೇಲ್ವಿಚಾರಕರು ಕರುಣೆಯಿಂದಲೇ ಪಕ್ಕದ ಕೋಣೆಯಿಂದ ಬಳಕೆ ಕನ್ನಡದ ಪತ್ರಿಕೆಯನ್ನು ತರಿಸಿ ಕೊಟ್ಟರು. ಅವಳು ಬರೆದಳು. ಉತ್ತರಪತ್ರಿಕೆ ಆ ರೂಪದ ಕಟ್ಟಿನೊಂದಿಗೆ ಹೋಯಿತು. ಮೌಲ್ಯಮಾಪನವೂ ಆಯಿತು. ಆದರೆ ಆ ಅಂಕಗಳಿಗೆ ಕುಳಿತುಕೊಳ್ಳಲು ಜಾಗವಿರಲಿಲ್ಲ. ಬಳಕೆ ಕನ್ನಡದ ಪಟ್ಟಿಯಲ್ಲಿ ಅವಳ ನೋಂದಣಿ ಸಂಖ್ಯೆ ಇರಲಿಲ್ಲ. ಜಾಗವಿದ್ದ ಸಾಮಾನ್ಯ ಕನ್ನಡಕ್ಕೆ ಉತ್ತರಪತ್ರಿಕೆ ಬರಲಿಲ್ಲ. ಯಂತ್ರವು ತನಗೆ ತಿಳಿದ ಒಂದೇ ಮಾತನ್ನು ಹೇಳಿತು: ಗೈರುಹಾಜರಿ.

ನಾವು ಮೂವರೂ ಮರುದಿನ ಕಾಲೇಜಿಗೆ ಹೋದೆವು. ಸಹಾಯಕ್ಕೆ ಬಂದದ್ದು ಒಂದು ಚೀಟಿ. ಬಳಕೆ ಕನ್ನಡವನ್ನು ಕಲಿಸುತ್ತಿದ್ದ ತರುಣ ಅಧ್ಯಾಪಕಿ ಆಂತರಿಕ ಅಂಕಗಳನ್ನು ಕೊಡುವಾಗ, ಪರದೆಯ ಪಟ್ಟಿಯಲ್ಲಿ ಈ ಹುಡುಗಿಯ ಹೆಸರಿಲ್ಲವೆಂದು ಗಮನಿಸಿ, "ಈ ವಿದ್ಯಾರ್ಥಿನಿ ನನ್ನ ಗುಂಪಿನಲ್ಲಿದ್ದಾಳೆ, ಪಟ್ಟಿಯಲ್ಲಿ ಹೆಸರಿಲ್ಲ" ಎಂದು ಬರೆದು ದಿನಾಂಕದೊಂದಿಗೆ ಕಚೇರಿಗೆ ಕೊಟ್ಟಿದ್ದರು. ಕಚೇರಿಯಲ್ಲಿ ಅದು ಕಡತದಲ್ಲಿಯೇ ಉಳಿದಿತ್ತು. ಅವರ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು ಮೊದಲ ದಿನದಿಂದಲೂ ಇತ್ತು. ಹಾಜರಿ ಪುಸ್ತಕದ ಪ್ರತಿ, ಆ ಚೀಟಿ, ಪರೀಕ್ಷಾ ಕೊಠಡಿಯ ವರದಿ ಮೂರನ್ನೂ ಸೇರಿಸಿ ಪ್ರಾಂಶುಪಾಲರು ಕುಲಸಚಿವರಿಗೆ (ಮೌಲ್ಯಮಾಪನ) ಪತ್ರ ಬರೆದರು. ನಾಲ್ಕು ತಿಂಗಳ ಮೇಲೆ ಫಲಿತಾಂಶ ಸರಿಯಾಯಿತು. ಹುಡುಗಿ ತೇರ್ಗಡೆಯಾಗಿದ್ದಳು. ವಿದ್ಯಾರ್ಥಿವೇತನದ ಗಡುವು ಅಷ್ಟರಲ್ಲಿ ಮುಗಿದುಹೋಗಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳ ತಂದೆ "ಯಾರದು ತಪ್ಪು ಸಾರ್?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಕೊಡದಿದ್ದುದಕ್ಕೆ ಕಾರಣವಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ; ಇಲ್ಲಿ ಹೇಳುತ್ತೇನೆ.

ನನ್ನ ಕೈಯಿಂದಾದುದು

1990ರ ದಶಕದ ಆರಂಭದಲ್ಲಿ ನಾನು ಗಡಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಆಗ ಶಾಲೆಯಲ್ಲಿ ತೆಲುಗು ಪಂಡಿತರೂ ಇದ್ದರು. ಆಚೆಯಿಂದ ಬಂದ ಹತ್ತಾರು ಮಕ್ಕಳು ತೆಲುಗನ್ನು ಪ್ರಥಮ ಭಾಷೆಯಾಗಿಯೂ ಕನ್ನಡವನ್ನು ತೃತೀಯ ಭಾಷೆಯಾಗಿಯೂ ಓದುತ್ತಿದ್ದರು. ಆ ವರ್ಷ ಎಸ್.ಎಸ್.ಎಲ್.ಸಿ.ಯ ನಾಮಿನಲ್ ರೋಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೂರಕ್ಕೂ ಹೆಚ್ಚು ಹೆಸರುಗಳು. ಕಳುಹಿಸಲು ಎರಡೇ ದಿನ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಬರೆಯುತ್ತಾ, ಭಾಷೆಯ ಅಂಕಣದಲ್ಲಿ ಮೇಲಿನ ಸಾಲಿನಂತೆಯೇ ಕೆಳಗಿನ ಸಾಲಿಗೂ 'ಅದೇ' ಎಂಬ ಗುರುತು ಹಾಕುತ್ತ ಹೋದೆ. ಅವುಗಳಲ್ಲಿ ಒಂದು ಹೆಸರು ತೆಲುಗು ಓದುತ್ತಿದ್ದ ಹುಡುಗನದು.

ಪ್ರವೇಶಪತ್ರಗಳು ಪರೀಕ್ಷೆಗೆ ಕೆಲವೇ ದಿನಗಳ ಮೊದಲು ಬಂದವು. ಹುಡುಗನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮೊದಲ ದಿನ ಅವನ ಮುಂದೆ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆ ಇತ್ತು. ತೃತೀಯ ಭಾಷೆಯ ದಿನ ಹಿಂದಿ. ಎರಡನ್ನೂ ಅವನು ಆ ರೂಪದಲ್ಲಿ ಎಂದೂ ಓದಿರಲಿಲ್ಲ. ಗಣಿತದಲ್ಲಿ ಶಾಲೆಗೇ ಮುಂದಿದ್ದ ಹುಡುಗ ಎರಡು ಭಾಷೆಗಳಲ್ಲಿ ಅನುತ್ತೀರ್ಣನಾದ. ತಿದ್ದುಪಡಿ ಮಾಡಿಸಿ ಅಕ್ಟೋಬರಿನ ಪೂರಕ ಪರೀಕ್ಷೆಗೆ ಕೂರಿಸುತ್ತೇನೆಂದು ಅವನ ಮನೆಗೆ ಹೋದೆ. ಅಷ್ಟರಲ್ಲಿ ಅವನು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ್ದ. ತಾಯಿ ನನಗೆ ನೀರು ಕೊಟ್ಟು, "ಅವನ ಹಣೆಯಾಗ ಬರದಿಲ್ಲ ಬಿಡ್ರಿ ಸಾರ್" ಎಂದರು. ಹಣೆಯಲ್ಲಿ ಬರೆಯದಿದ್ದುದಲ್ಲ, ಹಾಳೆಯಲ್ಲಿ ತಪ್ಪಾಗಿ ಬರೆದುದು. ಬರೆದವನು ಅವರ ಎದುರಿಗೇ ಕುಳಿತಿದ್ದ. ಅಂದು ಆ ಮಾತನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನು ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ಇಂದು ಗಣಕಗಳನ್ನು ದೂರುವವರನ್ನು ಕಂಡಾಗ ನನಗೆ ಆ ಲಾಟೀನಿನ ರಾತ್ರಿ ನೆನಪಾಗುತ್ತದೆ. ಇಡೀ ತರಗತಿಗೆ ಒಮ್ಮೆಗೇ ಒಂದು ರೂಪವನ್ನು ಜೋಡಿಸಿದ ನೌಕರನೂ 'ಅದೇ' ಎಂದು ಗುರುತು ಹಾಕುತ್ತ ಹೋದ ನಾನೂ ಮಾಡಿದ್ದು ಒಂದೇ ಕೆಲಸ. ಯಂತ್ರವಾಗಲಿ ಲೇಖನಿಯಾಗಲಿ, ಬಹಳ ಜನರಿಗೆ ಅನ್ವಯಿಸುವುದನ್ನು ಎಲ್ಲರಿಗೂ ಅನ್ವಯಿಸಿಬಿಡುವ ಅವಸರವೇ ಇದರ ಮೂಲ. ಅಳವಡಿಸಿದ ರೂಪವನ್ನು ಓದುವವರು ಯಾವಾಗಲೂ ಸಂಖ್ಯೆಯಲ್ಲಿ ಕಡಿಮೆ. ಗಡಿಯಿಂದ ಬಂದವರು, ಒಂದು ಪತ್ರಿಕೆ ಬಾಕಿ ಉಳಿಸಿಕೊಂಡವರು, ತಡವಾಗಿ ಸೇರಿದವರು. ಅವರಿಗಾಗಿಯೇ ಆ ಇನ್ನೊಂದು ರೂಪವನ್ನು ಮಾಡಿರುತ್ತಾರೆ. ದಾಖಲೆಯು ಅದನ್ನು ಮರೆತರೆ, ಕೈಹಿಡಿಯಲೆಂದು ಮಾಡಿದ ವ್ಯವಸ್ಥೆಯೇ ಕೈಬಿಟ್ಟಂತಾಗುತ್ತದೆ.

ನಿಮ್ಮಲ್ಲಿ ಹಲವರು ಇಂದು ಶಾಲೆ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿದ್ದೀರಿ. ಪತ್ರಿಕೆಯ ಹೆಸರಿನೊಂದಿಗೆ ಅದು ಯಾವ ರೂಪ, ಯಾವ ವರ್ಷದಿಂದ ಜಾರಿ, ಯಾವ ಆದೇಶದಂತೆ ಎಂಬ ಮೂರನ್ನೂ ಬರೆದಿಡಿ. ಹಳೆಯದನ್ನು ಅಳಿಸಬೇಡಿ. ಪಟ್ಟಿಯಲ್ಲಿ ಒಂದು ಹೆಸರು ಕಾಣದಿದ್ದರೆ ಆ ಅಧ್ಯಾಪಕಿಯಂತೆ ಒಂದು ಚೀಟಿ ಬರೆದು ದಿನಾಂಕ ಹಾಕಿ. ಬರೆದುಕೊಟ್ಟ ಮೇಲೆ ಅದು ಏನಾಯಿತೆಂದು ಹೋಗಿ ಕೇಳಿ.

ತಂದೆತಾಯಿಯರಾದವರು ಮಕ್ಕಳ ಪ್ರವೇಶಪತ್ರ ಬಂದ ದಿನ ಅವರ ಪಕ್ಕದಲ್ಲಿ ಕುಳಿತು ಹೆಸರನ್ನಷ್ಟೇ ಅಲ್ಲ, ಸಂಕೇತವನ್ನೂ ಅಕ್ಷರ ಅಕ್ಷರವಾಗಿ ಓದಿಸಿ. ಓದಿದ ವರ್ಷದ ಪಠ್ಯಕ್ರಮದ ಪ್ರತಿಯೊಂದನ್ನು ಅಂಕಪಟ್ಟಿಯ ಜೊತೆಗೆ ತೆಗೆದಿಡಿ. ಹತ್ತು ವರ್ಷಗಳ ಮೇಲೆ ಬೇರೆ ರಾಜ್ಯದಲ್ಲಿಯೋ ದೇಶದಲ್ಲಿಯೋ ಯಾರಾದರೂ "ನೀವು ಓದಿದ್ದು ಏನು?" ಎಂದು ಕೇಳಿದಾಗ ಅದು ಬೇಕಾಗುತ್ತದೆ.

ಆ ಹುಡುಗಿ ಈಗ ಕನ್ನಡವನ್ನು ಸರಾಗವಾಗಿ ಬರೆಯುತ್ತಾಳೆ. ಕಳೆದ ಯುಗಾದಿಗೆ ನನಗೊಂದು ಶುಭಾಶಯ ಪತ್ರ ಬರೆದಿದ್ದಳು. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ಅಭ್ಯಾಸಬಲದಿಂದ ಕೆಂಪು ಶಾಯಿಯ ಪೆನ್ನು ಕೈಗೆ ಬಂದಿತು; ತಿದ್ದದೆ ಹಾಗೆಯೇ ಟ್ರಂಕಿನಲ್ಲಿ ಇಟ್ಟಿದ್ದೇನೆ.